ಹಳಸುವ ಗಂಟೆಗಳು

ಒಬ್ಬರು ಬಸವನಗುಡಿಯಲ್ಲಿ 22 ವರ್ಷ ದರ್ಶಿನಿ ನಡೆಸಿ, ಮೊಣಕಾಲು ಮುಷ್ಕರ ಹೂಡಿದ ಮೇಲೆ ಗಲ್ಲಾಪೆಟ್ಟಿಗೆಯನ್ನು ಮಗನಿಗೆ ಬಿಟ್ಟುಕೊಟ್ಟವರು. ಇನ್ನೊಬ್ಬಳು ಅವರ ಅಕ್ಕನ ಮಗಳು. ಕೆನಡಾದ ಒಂಟಾರಿಯೋದಲ್ಲಿ ಓದುತ್ತಿದ್ದಾಗ ಮೂರು ಚಳಿಗಾಲ ಒಂದು ಇಂಡೋರ್ ಗಾಲ್ಫ್ ಸೆಂಟರಿನ ಕೌಂಟರಿನಲ್ಲಿ ಕೆಲಸ ಮಾಡಿ ಬಂದವಳು. ಈಗ ಬೆಂಗಳೂರಿನಲ್ಲಿ ಅಂಥದ್ದೇ ಒಂದನ್ನು ತೆರೆಯಬೇಕೆಂದು ಹಟ ಹಿಡಿದಿದ್ದಾಳೆ. ನಾನು ಪಕ್ಕದ ಮನೆಯವನು. ಕಾಫಿಗೆಂದು ಹೋದವನು ಮಳೆ ಹಿಡಿದುಕೊಂಡಿದ್ದರಿಂದ ಅಲ್ಲೇ ಉಳಿದೆ. ನಡುವೆ ಬಾಯಿ ಹಾಕಲಿಲ್ಲ.

— ಗಾಲ್ಫ್ ಅಂದ್ರೆ ಬಯಲಾಟ ಕಣೇ. ಬಯಲಾಟಾನ ಕೋಣೆಯೊಳಗೆ ಆಡಿಸ್ತೀನಿ ಅಂತೀಯಲ್ಲ, ನೋಡೋಕೆ ಬರೋರು ಯಾರು?

— ನೋಡೋಕಲ್ಲ ಮಾವ, ಆಡೋಕೆ. ಗೋಡೆಯ ಮುಂದೆ ಒಂದು ದಪ್ಪ ಪರದೆ ಬಿಗಿದಿರ್ತಾರೆ. ಚೆಂಡು ನಿಜವಾದದ್ದೇ, ಕೋಲೂ ನಿಜವಾದದ್ದೇ. ಹೊಡೆದ ಚೆಂಡು ಹತ್ತು ಹನ್ನೆರಡು ಅಡಿ ಹಾರಿ ಪರದೆಗೆ ಬಡಿದು ಕೆಳಗೆ ಬೀಳುತ್ತೆ. ಅಷ್ಟರೊಳಗೆ ಕ್ಯಾಮೆರಾನೋ ರೇಡಾರೋ ಅದರ ವೇಗ, ಎದ್ದ ಕೋನ, ಸುತ್ತಿಕೊಂಡ ರೀತಿ ಎಲ್ಲಾ ಅಳೆದಿರುತ್ತೆ. ಮಿಕ್ಕ 200 ಗಜದ ಹಾರಾಟ ಲೆಕ್ಕದಲ್ಲಿ ನಡೆಯುತ್ತೆ, ಪರದೆ ಮೇಲೆ ಕಾಣುತ್ತೆ.

— ಅಂದ್ರೆ ಹತ್ತಡಿ ನಿಜ, ಆರುನೂರಡಿ ಸುಳ್ಳು.

— ಸುಳ್ಳಲ್ಲ, ಲೆಕ್ಕ.

— ಬ್ಯಾಂಕಿನವರೂ ಹಾಗೇ ಅಂತಾರೆ. ಇರಲಿ, ಮೊದಲು ಇದು ಯಾರಿಗೆ ಹೊಳೀತು?

— ಅಮೆರಿಕದಲ್ಲಿ 1970ರ ದಶಕದಲ್ಲೇ ಇಂಥ ಯಂತ್ರ ಇತ್ತಂತೆ. ಆದ್ರೆ ಅದು ಬೀದಿಬೀದಿಯ ವ್ಯಾಪಾರ ಆಗಿದ್ದು ದಕ್ಷಿಣ ಕೊರಿಯಾದಲ್ಲಿ. ಸ್ಯಾಮ್‌ಸಂಗ್ ಎಲೆಕ್ಟ್ರಾನಿಕ್ಸ್‌ನಲ್ಲಿ ಕೆಲಸ ಮಾಡಿದ್ದ ಕಿಮ್ ಯಂಗ್-ಚಾನ್ ಅನ್ನೋರು 2000ದಲ್ಲಿ ಡೇಜಾನ್ ಊರಿನಲ್ಲಿ ಗಾಲ್ಫ್‌ಜಾನ್ ಅಂತ ಕಂಪನಿ ಶುರು ಮಾಡಿದ್ರು. ಆಗ ಅವರಿಗೆ ಐವತ್ತು ದಾಟಿತ್ತು. ಹನ್ನೊಂದು ವರ್ಷಕ್ಕೆ ಅದು ಅಲ್ಲಿನ ಷೇರುಪೇಟೆಗೆ ಬಂತು. ಇವತ್ತು ಆ ದೇಶದಲ್ಲಿ ಆಫೀಸು ಬಿಟ್ಟೋರು ಹಾಡೋ ಕೋಣೆಗೆ ಹೋಗೋ ಹಾಗೇ ಸ್ಕ್ರೀನ್ ಗಾಲ್ಫ್ ಕೋಣೆಗೂ ಹೋಗ್ತಾರೆ. ನಾನು ಕೆಲಸ ಮಾಡ್ತಿದ್ದ ಜಾಗದ ಓನರ್ ಕೂಡ ಕೊರಿಯಾದವರೇ. ಅಂಗಡಿ ನಡೆಸೋದು ಹೇಗೆ ಅಂತ ಕಲಿತಿದ್ದು ಅವರ ಹತ್ತಿರ.

— ಕೊರಿಯಾದಲ್ಲೇ ಯಾಕೆ?

— ಗುಡ್ಡಗಾಡು ದೇಶ ಮಾವ. ಸಮತಟ್ಟಾದ ನೆಲ ಕಮ್ಮಿ, ಇರೋದಕ್ಕೆ ಚಿನ್ನದ ಬೆಲೆ. 18 ಹೋಲಿನ ಒಂದು ಮೈದಾನಕ್ಕೆ ನೂರು ಎಕರೆಗಿಂತ ಜಾಸ್ತಿ ಬೇಕು. ಆಸೆ ಹುಟ್ಟಿಸಿದವರು ಬೇರೆ ಇದ್ರು. 1998ರಲ್ಲಿ, ಆ ದೇಶ ಸಾಲದ ಸುಳಿಯಲ್ಲಿದ್ದಾಗ, ಪಾಕ್ ಸೆ-ರಿ ಅನ್ನೋ ಹುಡುಗಿ ಅಮೆರಿಕದ ಮಹಿಳಾ ಓಪನ್ ಗೆದ್ದಳು. ಶೂ, ಸಾಕ್ಸು ಬಿಚ್ಚಿ ನೀರಿಗಿಳಿದು ಚೆಂಡು ಹೊಡೆದಿದ್ದನ್ನ ಇಡೀ ದೇಶ ಟೀವಿಯಲ್ಲಿ ನೋಡ್ತು. ಆಸೆ ಎಲ್ಲರಿಗೂ ಬಂತು, ನೆಲ ಮಾತ್ರ ಕೆಲವರ ಕೈಯಲ್ಲಿತ್ತು. ಕಿಮ್ ಅವರು ಆಟದಿಂದ ನೆಲವನ್ನ ತೆಗೆದುಹಾಕಿದ್ರು, ಅಷ್ಟೇ.

— ಹಾಂ! ಇದು ಅರ್ಥ ಆಗುತ್ತೆ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದಾಗ ಆಗಿದ್ದೂ ಇದೇ. ಹೋಟೆಲಿನಿಂದ ಕುರ್ಚಿ ತೆಗೆದುಹಾಕಿದ್ರು. ಮಾಣಿ ಹೋದ, ಟಿಪ್ಸು ಹೋಯ್ತು, ಅರ್ಧ ಬಾಡಿಗೆ ಹೋಯ್ತು, ದೋಸೆ ಉಳೀತು. ಜನ ನಿಂತು ತಿಂತಾರಾ ಅಂತ ನಮ್ಮಪ್ಪ ನಕ್ಕಿದ್ರು. ಆಮೇಲೆ ನಾನೇ ಒಂದು ತೆಗೆದೆ.

(ಆ ಮನೆಯಲ್ಲಿ ಯಾವ ಮಾತು ಶುರುವಾದರೂ ದರ್ಶಿನಿಯ ಬಾಗಿಲು ಮುಟ್ಟಿಯೇ ಮುಂದೆ ಹೋಗುತ್ತದೆ. ಆದರೆ ಈ ಹೋಲಿಕೆ ನನಗೂ ಸರಿಯೆನಿಸಿತು.)

— ಸರಿ, ಕೊರಿಯಾದಲ್ಲಿ ನೆಲ ಇಲ್ಲ, ಕೆನಡಾದಲ್ಲಿ?

— ಅಲ್ಲಿ ಬೇಕಾದಷ್ಟು ನೆಲ ಇದೆ, ಅದರ ಮೇಲೆ ಹಿಮ ಇದೆ. ನವೆಂಬರಿನಿಂದ ಏಪ್ರಿಲ್‌ವರೆಗೆ ಮೈದಾನಗಳೆಲ್ಲ ಬಾಗಿಲು ಹಾಕಿರ್ತವೆ. ಕೋಲು ಹಿಡಿದವರ ಕೈ ತುರಿಸ್ತಿರುತ್ತೆ. ಆಗ ನಮ್ಮ ಸೆಂಟರಿನಲ್ಲಿ ಕಾಲಿಡೋಕೆ ಜಾಗ ಇರ್ತಿರಲಿಲ್ಲ. ಮೇ ಬಂತು ಅಂದ್ರೆ ನೊಣ ಹೊಡೀತಾ ಕೂತಿರ್ತಿದ್ವಿ.

— ಇಲ್ಲಿ ಹಿಮ ಎಲ್ಲಿಂದ ತರ್ತೀಯ?

— ಇಲ್ಲಿ ರಾತ್ರಿಯೇ ಹಿಮ ಮಾವ. ಸಂಜೆ ಆರೂವರೆಗೆ ಕತ್ತಲಾಗುತ್ತೆ, ಐಟಿ ಹುಡುಗರು ಕೆಲಸ ಬಿಡೋದು ಏಳಕ್ಕೆ. ಟ್ರಾಫಿಕ್ಕು ಬೇರೆ. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾಗಿದ್ದು 1876ರಲ್ಲಿ. ಈ ಊರಿಗೆ ಗಾಲ್ಫ್ ಹೊಸದೇನಲ್ಲ. ಆದ್ರೆ ಅದು ಕಾಂಪೌಂಡಿನೊಳಗೇ ಉಳೀತು. ಮೆಂಬರ್ ಆಗಬೇಕಾದ್ರೆ ಲಕ್ಷಗಟ್ಟಲೆ ದುಡ್ಡು, ವರ್ಷಗಟ್ಟಲೆ ಕಾಯಬೇಕು. ಬಾಗಿಲು ಎಲ್ಲಿದೆ ಅಂತಲೇ ಗೊತ್ತಿಲ್ಲದ ಜನ ಲಕ್ಷಾಂತರ ಇದ್ದಾರೆ.

— ಬಾಗಿಲು ತೆಗೆದ ತಕ್ಷಣ ಬಂದುಬಿಡ್ತಾರೆ ಅಂತ ಯಾರು ಹೇಳಿದ್ದು? 2021ರ ಆಗಸ್ಟಿನಲ್ಲಿ ನಮ್ಮ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಆಡಿದಾಗ ನಾನೂ ಬೆಳಗಿನ ಜಾವ ಎದ್ದು ಟೀವಿ ಹಾಕಿದ್ದೆ. ಬೋಗಿ ಅಂದ್ರೇನು ಅಂತ ಮಗನ್ನ ಕೇಳಿದ್ದೆ. ಒಂದೇ ಒಂದು ಹೊಡೆತದಲ್ಲಿ ಪದಕ ತಪ್ಪಿ ನಾಲ್ಕನೇ ಸ್ಥಾನ. ಅಯ್ಯೋ ಅಂದೆ, ಟೀವಿ ಆರಿಸಿದೆ, ದೋಸೆ ಹಿಟ್ಟು ನೋಡೋಕೆ ಹೋದೆ. ಕೋಲು ಹಿಡಿಯೋಕೆ ಹೋಗಲಿಲ್ಲ.

— ಹೋಗಬೇಕು ಅನ್ನಿಸಿದ್ರೂ ಎಲ್ಲಿಗೆ ಹೋಗ್ತಿದ್ರಿ ಹೇಳಿ? ಅದಿತಿ ಆಟಕ್ಕೆ ಬಂದಿದ್ದು ಹೇಗೆ ಗೊತ್ತಾ? ಐದು ವರ್ಷದ ಮಗು. ಅಪ್ಪ ಅಮ್ಮನ ಜೊತೆ ತಿಂಡಿಗೆ ಹೋಗ್ತಿದ್ದ ಹೋಟೆಲಿನಿಂದ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಡ್ರೈವಿಂಗ್ ರೇಂಜ್, ಅಂದ್ರೆ ಹೊಡೆತ ಅಭ್ಯಾಸ ಮಾಡೋ ಜಾಗ, ಕಾಣ್ತಿತ್ತು. ಅಲ್ಲಿ ಏನು ನಡೀತಿದೆ ಅಂತ ನೋಡೋಕೆ ಮೂವರೂ ಒಳಗೆ ಹೋದ್ರು.

— ತಿಂಡಿ ತಿನ್ನೋ ಜಾಗದಿಂದ ಕಾಣ್ತಿತ್ತು ಅಂತೀಯ?

— ಹೂಂ.

— ಹಂಗಾದ್ರೆ ಬರ್ಕೋ. ನಿನ್ನ ಅಂಗಡಿಗೆ ಬೀದಿ ಕಡೆ ಗಾಜು ಇರಬೇಕು. ಪಕ್ಕದಲ್ಲಿ ಹೋಟೆಲಿರಬೇಕು. ಕೈಯಲ್ಲಿ ಬೈಟೂ ಕಾಫಿ ಹಿಡಿದು ನಿಂತವನಿಗೆ ಒಳಗೆ ಯಾರೋ ಕೋಲು ಬೀಸೋದು ಕಾಣಬೇಕು. ಕಾಣದೇ ಇರೋದನ್ನ ಯಾರೂ ಕೊಳ್ಳಲ್ಲ. ನಾನು ದೋಸೆ ಕಾವಲಿಯನ್ನ ಬಾಗಿಲಲ್ಲೇ ಇಟ್ಟಿದ್ದು ಯಾಕೆ ಅಂದ್ಕೊಂಡಿದೀಯ? ಜಾಗ ನೋಡಿದೀಯಾ?

— ಒಂದು... ನೋಡಿದೀನಿ. ಆಮೇಲೆ ಹೇಳ್ತೀನಿ.

— ಬೇಸ್‌ಮೆಂಟಲ್ಲ ತಾನೇ? ಬಾಡಿಗೆ ಕಮ್ಮಿ ಅಂತ ಆಸೆ ಪಡಬೇಡ. ಈ ಊರಿನಲ್ಲಿ ಬೇಸ್‌ಮೆಂಟು ಇರೋದು ಪಾರ್ಕಿಂಗಿಗೆ. ಪಾಲಿಕೆಯವರು ಒಂದು ದಿನ ಬಂದು ಬೀಗ ಹಾಕ್ತಾರೆ, ಇಲ್ಲಾಂದ್ರೆ ಮಳೆ ನೀರು ಬಂದು ಹಾಕುತ್ತೆ. ಎರಡೂ ಹೇಳಿ ಬರಲ್ಲ.

— ಬೇಸ್‌ಮೆಂಟಲ್ಲ. ಮಾವ, ಜಾಗದಲ್ಲಿ ಎಲ್ಲಕ್ಕಿಂತ ಕಷ್ಟದ್ದು ಎತ್ತರ. ಡ್ರೈವರ್ ಅನ್ನೋ ಉದ್ದ ಕೋಲು 45 ಅಂಗುಲ ಇರುತ್ತೆ. ಆರಡಿ ಆಳು ಅದನ್ನೆತ್ತಿ ಬೀಸಿದ್ರೆ ತುದಿ ತಲೆ ಮೇಲೆ ಎಲ್ಲೋ ಇರುತ್ತೆ. 9 ಅಡಿ ಅಂದ್ರೆ ಕಷ್ಟ, 10 ಅಡಿ ಇದ್ರೆ ಧೈರ್ಯ. ಚಾವಣಿಗೆ ತಗುಲದೇ ಇದ್ರೂ, ತಗುಲೀತು ಅನ್ನೋ ಹೆದರಿಕೆ ಬಂದ್ರೆ ಸಾಕು, ಆಡೋನು ಕುಗ್ಗಿ ಹೊಡೀತಾನೆ. ಅವನು ಇನ್ನೊಂದು ಸಲ ಬರಲ್ಲ. ಯಾಕೆ ಬರಲ್ಲ ಅಂತ ಅವನಿಗೂ ಗೊತ್ತಿರಲ್ಲ.

— ಅಗಲ?

— 15 ಅಡಿ ಇದ್ರೆ ಮ್ಯಾಟನ್ನ ನಡುವೆ ಹಾಕಬಹುದು. ನಾಲ್ಕು ಜನ ಬಂದಾಗ ಒಬ್ಬನಾದ್ರೂ ಎಡಗೈಯವನು ಇರ್ತಾನೆ ಅಂತಲೇ ಅಂದ್ಕೋಬೇಕು. ಅಳೆಯೋ ಯಂತ್ರ ನೆಲದ ಮೇಲಿದ್ರೆ ಅವನ ಸರದಿ ಬಂದಾಗಲೆಲ್ಲ ಎತ್ತಿ ಆ ಕಡೆ ಇಡಬೇಕು. ಚಾವಣಿಗೆ ತೂಗುಹಾಕೋ ಯಂತ್ರ ತಗೊಂಡ್ರೆ ಆ ತಂಟೆ ಇಲ್ಲ. ಉದ್ದ 18ರಿಂದ 20 ಅಡಿ. ಪರದೆ ಹಿಂದೆ ಒಂದಡಿ ಖಾಲಿ ಬಿಡಲೇಬೇಕು, ಇಲ್ಲಾಂದ್ರೆ ಚೆಂಡು ಗೋಡೆಗೆ ಬಡಿದು ಹೊಡೆದವನ ಹಣೆಗೇ ವಾಪಸ್ಸು ಬರುತ್ತೆ. ಪರದೆ ತೀರಾ ಬಿಗಿಯಾದ್ರೂ ಹಾಗೇ. ಸಡಿಲ ಬಿಟ್ರೆ ಚಿತ್ರ ಸುಕ್ಕಾಗುತ್ತೆ. ಪಕ್ಕದ ಗೋಡೆಗಳಿಗೂ ಮೆತ್ತೆ ಬೇಕು. ಹೊಸಬರು ಹೊಡೆದ ಚೆಂಡು ಕೆಲವು ಸಲ ಮುಂದಕ್ಕೆ ಹೋಗೋದೇ ಇಲ್ಲ, ಅಡ್ಡಕ್ಕೆ ಸಿಡಿಯುತ್ತೆ.

— ಚೆಂಡಿನ ತೂಕ ಎಷ್ಟು?

— 46 ಗ್ರಾಂಗಿಂತ ಸ್ವಲ್ಪ ಕಮ್ಮಿ. ಒಳ್ಳೆ ಆಟಗಾರ ಹೊಡೆದ್ರೆ ಗಂಟೆಗೆ ಇನ್ನೂರೈವತ್ತು ಕಿಲೋಮೀಟರು ದಾಟುತ್ತೆ.

— ಕಲ್ಲೇ ಅನ್ನು.

ಇಲ್ಲಿ ಅವರು ಎದ್ದು ಒಳಗೆ ಹೋಗಿ, ಹಳೆಯ ಲಗ್ನಪತ್ರಿಕೆಯೊಂದನ್ನೂ ಪೆನ್ನನ್ನೂ ತಂದರು. ಲೆಕ್ಕಕ್ಕೆ ಅವರು ಕಾಗದ ಕೊಂಡದ್ದನ್ನು ನಾನು ನೋಡಿಲ್ಲ.

— ಈಗ ಹೇಳು. ಎಷ್ಟು ಕೋಣೆ?

— ಮೂರು ಬೇ. ಕೂರೋ ಜಾಗ, ಕೌಂಟರು, ಟಾಯ್ಲೆಟ್ಟು ಎಲ್ಲ ಸೇರಿ 1,800 ಚದರಡಿ.

— ಚದರಡಿಗೆ 100 ರೂಪಾಯಿ ಅಂತಿಟ್ಕೋ. ತಿಂಗಳಿಗೆ 1 ಲಕ್ಷ 80 ಸಾವಿರ. ಹತ್ತು ತಿಂಗಳ ಅಡ್ವಾನ್ಸು ಕೇಳ್ತಾರೆ, ಅದನ್ನ ಈ ಲೆಕ್ಕಕ್ಕೆ ತರಬೇಡ, ಆ ದುಡ್ಡು ಸತ್ತುಹೋಯ್ತು ಅಂದ್ಕೋ. ನಾಲ್ಕು ಜನ ಹುಡುಗರು, 1 ಲಕ್ಷ 20. ಎ.ಸಿ., ಕರೆಂಟು 40 ಸಾವಿರ. ಸಾಫ್ಟ್‌ವೇರ್ ಬಾಡಿಗೆ, ಇಂಟರ್ನೆಟ್ಟು?

— 30 ಇಡಿ.

— ಹರಿದಿದ್ದು, ಮುರಿದಿದ್ದು ಇನ್ನೊಂದು 30. ನಾಲ್ಕು ಲಕ್ಷ ಆಯ್ತು. ಯಂತ್ರಕ್ಕೆ ಸಾಲ ಎಷ್ಟು?

— ಒಂದು ಬೇ ಪೂರ್ತಿ ತಯಾರಾಗೋಕೆ 25 ಲಕ್ಷ ಇಟ್ಕೊಂಡಿದೀನಿ. 75ರಲ್ಲಿ 15 ನನ್ನ ಉಳಿತಾಯ. ಮಿಕ್ಕ 60 ಲಕ್ಷ ಐದು ವರ್ಷಕ್ಕೆ, ಶೇಕಡಾ 11ರ ಬಡ್ಡಿ. ತಿಂಗಳ ಕಂತು 1 ಲಕ್ಷ 30 ಸಾವಿರ.

— 5 ಲಕ್ಷ 30 ಸಾವಿರ. ಗಂಟೆಗೆ ಎಷ್ಟು ತಗೋತೀಯ?

— ಟ್ಯಾಕ್ಸ್ ಬಿಟ್ಟು ಸಾವಿರ.

— ಅಂದ್ರೆ ತಿಂಗಳಿಗೆ 530 ಗಂಟೆ ಮಾರಿದ್ರೆ ಸೊನ್ನೆ.

— ಮಾವ, ಬೆಳಿಗ್ಗೆ ಎಂಟರಿಂದ ರಾತ್ರಿ ಹತ್ತರವರೆಗೆ 14 ಗಂಟೆ. ಮೂರು ಬೇ, ಮೂವತ್ತು ದಿನ. ಒಟ್ಟು 1,260 ಗಂಟೆ ಇದೆ. ಅದರಲ್ಲಿ 530 ಅಂದ್ರೆ ಅರ್ಧಕ್ಕಿಂತ ಕಮ್ಮಿ!

— ಹೊಸ ಹೋಟೆಲು ತೆಗೆಯೋರೆಲ್ಲ ಮಾಡೋ ತಪ್ಪನ್ನೇ ನೀನೂ ಮಾಡಿದೆ ನೋಡು. ನನ್ನ ದರ್ಶಿನಿ ದಿನಕ್ಕೆ 16 ಗಂಟೆ ತೆಗೆದಿರ್ತಿತ್ತು, ದುಡ್ಡು ಬರ್ತಿದ್ದಿದ್ದು ಐದು ಗಂಟೆ. ಬೆಳಿಗ್ಗೆ ಏಳೂವರೆಯಿಂದ ಹತ್ತು, ಸಂಜೆ ಐದರಿಂದ ಏಳೂವರೆ. ಮಧ್ಯಾಹ್ನ ಮೂರು ಗಂಟೆಗೆ ಇಡ್ಲಿ ಕೇಳ್ಕೊಂಡು ಯಾರು ಬರ್ತಾರೆ? ನಿನ್ನ ಕೋಣೆಗೆ ಜನ ಬರೋದು ಯಾವಾಗ?

— ವಾರದ ದಿನ ಸಂಜೆ ಆರರಿಂದ ಹತ್ತು. ಶನಿವಾರ, ಭಾನುವಾರ ಇಡೀ ದಿನ.

— 22 ದಿನ, ನಾಲ್ಕು ಗಂಟೆ, ಮೂರು ಕೋಣೆ: 264. ಶನಿ, ಭಾನು ಸೇರಿ ಎಂಟು ದಿನ, 14 ಗಂಟೆ, ಮೂರು ಕೋಣೆ: 336. ಒಟ್ಟು 600. ಇದು ಒಂದು ನಿಮಿಷವೂ ಖಾಲಿ ಇಲ್ಲದೆ ತುಂಬಿದ್ರೆ! ಮುಕ್ಕಾಲು ಪಾಲು ತುಂಬಿದ್ರೆ ನಿನ್ನ ಪುಣ್ಯ. 450. ಇನ್ನೂ 80 ಗಂಟೆ ಸಾಲದು. ಅದೆಲ್ಲಿದೆ?

— ವಾರದ ದಿನಗಳ ಹಗಲಿನಲ್ಲಿ.

— ಅಲ್ಲಿ 660 ಗಂಟೆ ಬಿದ್ದಿದೆ. ನಿನ್ನ ಅರ್ಧ ಅಂಗಡಿ ಅದು. ಗಾಲ್ಫ್ ಆಡೋರು ಸಂಜೆ ಬಂದು ನಿನ್ನ ಬಾಡಿಗೆ, ಬಡ್ಡಿ ಕಟ್ಟಿಹೋಗ್ತಾರೆ. ನಿನಗೆ ಊಟ ಬರಬೇಕಾದ್ದು ಈ 660ರಿಂದ. ನೀನು ಮಾರ್ತಿರೋದು ಗಾಲ್ಫ್ ಅಲ್ಲ ಕಣೇ, ಗಂಟೆ. ಗಂಟೆ ಅನ್ನೋದು ಹಿಟ್ಟಿದ್ದ ಹಾಗೆ. ಹಿಟ್ಟನ್ನಾದ್ರೂ ಫ್ರಿಜ್ಜಿನಲ್ಲಿಟ್ಟು ನಾಳೆ ಪಡ್ಡು ಮಾಡಬಹುದು. ಮಂಗಳವಾರ ಹನ್ನೊಂದು ಗಂಟೆಗೆ ಖಾಲಿ ಹೋದ ಕೋಣೆ ಅಲ್ಲೇ ಹಳಸಿತು.

ಅವಳು ಸ್ವಲ್ಪ ಹೊತ್ತು ಪತ್ರಿಕೆಯನ್ನೇ ನೋಡಿದಳು. ವಧೂವರರ ಹೆಸರಿನ ಮೇಲೆ 660 ಎಂದು ಎರಡು ಸಲ ತಿದ್ದಿ ಬರೆದಿತ್ತು.

— ಅಲ್ಲಿ ಲೀಗ್ ಅಂತ ಮಾಡ್ತಿದ್ವಿ ಮಾವ. ಇಬ್ಬಿಬ್ಬರ ತಂಡ, ವಾರಕ್ಕೆ ಒಂದೇ ದಿನ, ಒಂದೇ ಹೊತ್ತು, 9 ಹೋಲು. ಹನ್ನೆರಡು ವಾರದ ದುಡ್ಡು ಮೊದಲೇ ಕಟ್ಟಬೇಕು. ಹ್ಯಾಂಡಿಕ್ಯಾಪ್ ಲೆಕ್ಕ ಇರೋದ್ರಿಂದ ಹೊಸಬರೂ ಹಳಬರ ಎದುರು ಆಡಬಹುದು. ಯಾರೂ ಬರದ ಸೋಮವಾರ, ಮಂಗಳವಾರದ ಸಂಜೆಗಳು ಅದರಿಂದಲೇ ತುಂಬ್ತಿದ್ವು. ಒಬ್ಬ ತಪ್ಪಿಸಿಕೊಂಡ್ರೆ ಜೊತೆಯವನು ಬೈತಾನೆ, ಅದಕ್ಕೇ ಬರ್ತಾನೆ.

— ಚೀಟಿ ವ್ಯವಹಾರ! ಒಳ್ಳೇದು. ದುಡ್ಡು ಮೊದಲು, ಮೇಲೆ ಮರ್ಯಾದೆಯ ಕಟ್ಟು. ಆದ್ರೆ ಅದೂ ಸಂಜೆಯದ್ದೇ. ಹಗಲಿಗೇನು?

— ಕಲಿಸೋದು. ಒಬ್ಬ ಕೋಚ್‌ಗೆ ಹಗಲು ಒಂದು ಬೇ ಬಿಟ್ಟುಕೊಡ್ತೀನಿ, ಅವರ ಫೀಜಿನಲ್ಲಿ ನನಗೆ ಪಾಲು. ಸಂಜೆ ನಾಲ್ಕರಿಂದ ಆರು ಸ್ಕೂಲ್ ಮಕ್ಕಳು. ಬೆಳಿಗ್ಗೆ ಹತ್ತರಿಂದ ಹನ್ನೆರಡು ಹೆಂಗಸರ ಬ್ಯಾಚು.

— ಈಗ ಬಂದೆ ದಾರಿಗೆ. ಮಕ್ಕಳನ್ನ ಕರಾಟೆಗೆ, ಚೆಸ್ಸಿಗೆ, ಕೀಬೋರ್ಡಿಗೆ ಓಡಿಸೋ ಊರಿದು. ನಿವೃತ್ತರನ್ನ ಮರೀಬೇಡ. ಬ್ಯಾಂಕಿಂದ, ಬಿಎಚ್‌ಇಎಲ್ಲಿಂದ, ಎಚ್‌ಎಎಲ್ಲಿಂದ ರಿಟೈರಾದವರು ಬೆಳಿಗ್ಗೆ ವಾಕಿಂಗ್ ಮುಗಿಸಿ ನನ್ನ ಹೋಟೆಲಿನಲ್ಲಿ ಒಂದು ಕಾಫಿಗೆ ಮುಕ್ಕಾಲು ಗಂಟೆ ನಿಲ್ತಿದ್ರು. ದುಡ್ಡಿದೆ, ಹೊತ್ತಿದೆ, ಹೋಗೋ ಜಾಗ ಇಲ್ಲ. ಅವರಿಗೆ ಹಗಲಿನ ಗಂಟೆ 500ಕ್ಕೆ ಕೊಡು. ಆದ್ರೆ ಬೋರ್ಡಿನಲ್ಲಿ ಡಿಸ್ಕೌಂಟು ಅಂತ ಬರೀಬೇಡ. ಹಗಲಿನ ದರ ಅಂತ ಬರಿ. ಡಿಸ್ಕೌಂಟು ಅಂದ್ರೆ ಸಂಜೆಯವನೂ ಕೇಳ್ತಾನೆ.

— ಇವರ್ಯಾರೂ ಜನ್ಮದಲ್ಲಿ ಕೋಲು ಮುಟ್ಟಿದವರಲ್ಲ.

— ಅದೇ ನಾನು ಹೇಳ್ತಿರೋದು. ಆಡೋಕೆ ಬರುವವರು ಎಷ್ಟು ಜನ ಇದ್ದಾರೆ ಅಂತ ಎಣಿಸಿ ಅಂಗಡಿ ತೆಗೀಬೇಡ.

— ಅಮೆರಿಕದ್ದೂ ಅದೇ ಕತೆ ಮಾವ. 2022ರಲ್ಲಿ ಮೊದಲ ಸಲ ಮೈದಾನದಲ್ಲಿ ಆಡೋರಿಗಿಂತ ರೇಂಜು, ಸಿಮ್ಯುಲೇಟರ್ ಅಂತ ಹೊರಗಡೆ ಆಡೋರೇ ಜಾಸ್ತಿ ಆದ್ರು ಅಂತ ಅಲ್ಲಿನ ನ್ಯಾಷನಲ್ ಗಾಲ್ಫ್ ಫೌಂಡೇಷನ್ ಲೆಕ್ಕ ಕೊಟ್ಟಿತ್ತು. ಅದರಲ್ಲಿ ಎಷ್ಟೋ ಜನ ಹುಲ್ಲಿನ ಮೇಲೆ ಒಂದು ಸಲವೂ ಆಡಿದವರಲ್ಲ. ಆದ್ರೆ ಹೊಸಬರನ್ನ ಬರಮಾಡಿಕೊಳ್ಳೋದು ಅಂದ್ಕೊಂಡಷ್ಟು ಸುಲಭ ಅಲ್ಲ. ಮೊದಲ ಹತ್ತು ಹೊಡೆತದಲ್ಲಿ ಎಂಟು ಚೆಂಡಿಗೆ ತಗುಲೋದೇ ಇಲ್ಲ. ಹಿಂದೆ ಯಾರೋ ನೋಡ್ತಿದ್ದಾರೆ ಅನ್ನೋ ನಾಚಿಕೆ. ಆ ಹತ್ತು ನಿಮಿಷ ಪಕ್ಕದಲ್ಲಿ ನಿಂತು ಹಿಡಿತ ತೋರಿಸೋಕೆ ಒಬ್ಬ ಹುಡುಗ ಬೇಕು. ನನ್ನ ಕೆಲಸವೇ ಅದಾಗಿತ್ತು. ಕೌಂಟರಿನಲ್ಲಿ ಕೂರಬೇಡ, ಮ್ಯಾಟಿನ ಹತ್ತಿರ ನಿಂತ್ಕೋ ಅಂತ ಓನರ್ ದಿನಾ ಹೇಳ್ತಿದ್ರು.

— ಬುದ್ಧಿವಂತೆ. ಆ ಸೆಂಟರ್ ಈಗಲೂ ನಡೀತಿದೆಯಾ?

— ಇಲ್ಲ. ಅವರು ಮಾರಿಬಿಟ್ರು. ಕೊಂಡೋರು ನಾಲ್ಕು ಜನ ಹುಡುಗರನ್ನೂ ಬಿಡಿಸಿ, ಬಾಗಿಲಿಗೆ ನಂಬರಿನ ಬೀಗ ಹಾಕಿದ್ರು. ಫೋನಿನಲ್ಲಿ ಬುಕ್ ಮಾಡು, ನಂಬರ್ ಒತ್ತು, ಒಳಗೆ ಹೋಗು, ಆಡು. ಆ ಕಡೆ ಈಗ ಹಲವರು ಹಾಗೇ ನಡೆಸ್ತಾರೆ. ಆಡಿ ಪಳಗಿದವರಿಗೆ ಅದೇ ಇಷ್ಟ ಕೂಡ. ಮೊದಲ ತಿಂಗಳು ಸಂಬಳದ ಖರ್ಚೆಲ್ಲ ಉಳೀತು. ಆಮೇಲೆ ಹೊಸಬರು ಬರೋದು ನಿಂತಿತು. ಯಾರೋ ಬರ್ತ್‌ಡೇ ಪಾರ್ಟಿಯಲ್ಲಿ ಚೆಂಡನ್ನ ಮೇಲಕ್ಕೆ ಹೊಡೆದು ಪ್ರೊಜೆಕ್ಟರ್ ಒಡೆದ್ರು, ಅದು ಗೊತ್ತಾಗಿದ್ದು ಮಾರನೇ ದಿನ. ಇನ್ಯಾರೋ ಹೊರಗಿನ ಮಣ್ಣು ಮೆತ್ತಿದ ಚೆಂಡು ತಂದು ಹೊಡೆದು ಪರದೆ ತುಂಬಾ ಕಲೆ. ಸೀಳಿದ ಚೆಂಡು ಪರದೆಯನ್ನ ಉಪ್ಪುಕಾಗದದ ಹಾಗೆ ತಿನ್ನುತ್ತೆ ಮಾವ. ದಿನಾ ರಾತ್ರಿ ಬುಟ್ಟಿ ಸುರಿದು ಒಂದೊಂದೇ ಚೆಂಡು ಒರೆಸಿ ನೋಡೋದು ನನ್ನ ಕೆಲಸ ಆಗಿತ್ತು. ಅದನ್ನ ಫೋನು ಮಾಡಲ್ಲ. ಎರಡನೇ ಬೇಸಿಗೆಗೆ ಮುಚ್ಚಿದ್ರು.

— ಅಕ್ಕಿ ಆರಿಸೋದನ್ನ ನಿಲ್ಲಿಸಿದ ದಿನವೇ ಹೋಟೆಲು ಮುಗೀತು ಅಂತ ನಮ್ಮಪ್ಪ ಅಂತಿದ್ರು. ಅಲ್ಲಾ, ಗಂಟೆ ಲೆಕ್ಕಕ್ಕೇ ಯಾಕೆ ಕೊಡಬೇಕು? ತಲೆಗಿಷ್ಟು ಅಂತ ಕೊಡಬಾರದಾ?

— ಕೊರಿಯಾದಲ್ಲಿ ತಲೆ ಲೆಕ್ಕವೇ. ಒಬ್ಬರಿಗೆ ಒಂದು ಆಟಕ್ಕೆ ಇಷ್ಟು ಅಂತ. ಅವರು ಬೇಗ ಆಡಿ ಮುಗಿಸ್ತಾರೆ, ಚೆಂಡು ತಾನಾಗೇ ಮ್ಯಾಟಿನ ಮೇಲೆ ಏಳುತ್ತೆ, ನೆಲ ಕೂಡ ಗುಡ್ಡ ಬಂದ ಕಡೆ ವಾಲುತ್ತೆ. ಇಲ್ಲಿ ಹೊಸಬರು ನಾಲ್ಕು ಜನ 18 ಹೋಲು ಆಡೋಕೆ ಕೂತರೆ ನಾಲ್ಕು ಗಂಟೆ. ತಲೆ ಲೆಕ್ಕ ಇಟ್ರೆ ನಾನು ಮುಳುಗಿದೆ. ಗಂಟೆ ಲೆಕ್ಕದಲ್ಲಿ ನಿಧಾನದ ಖರ್ಚು ಅವರದ್ದು. ಕೊನೆಯಲ್ಲಿ ಚೆಂಡನ್ನ ಮೆಲ್ಲಗೆ ಉರುಳಿಸಿ ಗುಳಿಗೆ ಹಾಕೋದು ಇರುತ್ತಲ್ಲ, ಪಟಿಂಗ್ ಅಂತ. ಪರದೆ ಮುಂದೆ ಅದೇ ಬೇಜಾರಿನ ಕೆಲಸ. ಗುಳಿಯಿಂದ ಎಂಟಡಿ ಒಳಗೆ ಬಂದ್ರೆ ಹಾಕಿದ ಹಾಗೇ ಅಂತ ಯಂತ್ರದಲ್ಲಿ ಹೇಳಿಟ್ರೆ ಅರ್ಧ ಗಂಟೆ ಉಳಿಯುತ್ತೆ.

— ಊಟ, ತಿಂಡಿ?

— ನೀವೇ ಹೇಳಬೇಕು. ಅಲ್ಲಿ ನಮ್ಮ ಲಾಭದಲ್ಲಿ ದೊಡ್ಡ ಪಾಲು ಬಿಯರಿನದ್ದು. ಇಲ್ಲಿ ಬಾರಿಗೆ ಬೇಕಾದ ಸಿಎಲ್-9 ಲೈಸೆನ್ಸಿನ ಗೊಡವೆ ನನಗೆ ಬೇಡ. ಹಿಂದೆ ಒಂದು ಸಣ್ಣ ಕಿಚನ್ ಹಾಕಿ...

— ಬೇಡ.

— ನೀವೇ ಬೇಡ ಅಂತೀರಾ?

— ನಾನಾಗಿರೋದಕ್ಕೇ ಬೇಡ ಅಂತಿದೀನಿ. ಅಡುಗೆಮನೆ ಅನ್ನೋದು ಇನ್ನೊಂದು ಅಂಗಡಿ. ಹೊಗೆ, ಗ್ಯಾಸು, ಭಟ್ಟರ ರಜೆ, ಫುಡ್ ಲೈಸೆನ್ಸು, ಜಿರಳೆ. ಒಗ್ಗರಣೆ ಘಾಟು ಎ.ಸಿ.ಯೊಳಗೆ ಸೇರಿಕೊಂಡ್ರೆ ಒಂದು ಕೋಟಿ ಖರ್ಚು ಮಾಡಿದ್ರೂ ಹೋಗಲ್ಲ. ಪಕ್ಕದ ಹೋಟೆಲಿನವನ ಜೊತೆ ಮಾತಾಡ್ಕೋ. ಕಾಫಿ, ಬೋಂಡ ಅವನು ಕಳಿಸ್ಲಿ. ನೀನು ಕೈ ಒರೆಸ್ಕೊಳ್ಳೋಕೆ ಬಟ್ಟೆ ಮಾತ್ರ ಇಡು. ಎಣ್ಣೆ ಕೈಯಲ್ಲಿ ಕೋಲು ಹಿಡಿದ್ರೆ ಕೋಲೂ ಪರದೆಗೇ ಹೋದೀತು.

ಅಳೆಯುವ ಯಂತ್ರದ ಬಗ್ಗೆ ಆಮೇಲೆ ಬಹಳ ಹೊತ್ತು ಮಾತು ನಡೆಯಿತು. ರೇಡಾರಿಗೆ ಚೆಂಡು ಹಾರಲು ಸ್ವಲ್ಪ ಜಾಗ ಬೇಕು, ಕ್ಯಾಮೆರಾ ಯಂತ್ರ ಇಕ್ಕಟ್ಟಾದ ಕೋಣೆಗೆ ಒಳ್ಳೆಯದು ಎಂದು ಅವಳು. ಕೆಟ್ಟರೆ ರಿಪೇರಿಗೆ ಯಾವ ಊರಿಗೆ ಕಳಿಸಬೇಕು ಎಂದು ಇವರು. ಆ ಭಾಗವನ್ನು ಬಿಡುತ್ತೇನೆ. ಅದರ ಕೊನೆಯಲ್ಲಿ ಬಂದ ಒಂದು ಮಾತನ್ನು ಮಾತ್ರ ಬಿಡಲಾರೆ.

— ಗಿರಾಕಿಗಳ ಜೊತೆ ಜಗಳ ಬರೋದು ಒಂದೇ ವಿಷಯಕ್ಕೆ ಮಾವ. ಪ್ರತಿ ಗಂಡಸೂ ತಾನು 250 ಗಜ ಹೊಡೀತೀನಿ ಅಂತ ನಂಬಿರ್ತಾನೆ. ಯಂತ್ರ 190 ಅಂತ ತೋರಿಸುತ್ತೆ. ನಿಮ್ಮ ಮಿಷಿನ್ ಸರಿ ಇಲ್ಲ ಅಂತಾನೆ.

— ಸರಿ ಇದೆಯಾ?

— ಇರುತ್ತೆ. ಆದ್ರೆ ಕೆಲವು ಯಂತ್ರಗಳಲ್ಲಿ ದೂರವನ್ನ ನೂರಕ್ಕೆ ಹತ್ತು, ಹದಿನೈದು ಹೆಚ್ಚಿಸೋ ವ್ಯವಸ್ಥೆ ಇದೆ. ಮಕ್ಕಳಿಗೆ, ವಯಸ್ಸಾದವರಿಗೆ ಖುಷಿಯಾಗ್ಲಿ ಅಂತ. ಕೆಲವು ಕಡೆ ಅದನ್ನ ಎಲ್ಲರಿಗೂ ಹಾಕಿಬಿಡ್ತಾರೆ. ನಮ್ಮ ಓನರ್ ಒಪ್ತಿರಲಿಲ್ಲ.

— ಸಾಂಬಾರಿಗೆ ಬೆಲ್ಲ ಜಾಸ್ತಿ ಹಾಕಿದ ಹಾಗೆ. ಮೊದಲ ದಿನ ಚೆನ್ನಾಗಿರುತ್ತೆ.

— ಆದ್ರೆ ಬೆಂಗಳೂರಿನಲ್ಲಿ ಒಂದು ಸಂಗತಿ ಇದೆ. ಈ ಊರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ. ಗಾಳಿ ತೆಳು, ಚೆಂಡಿಗೆ ತಡೆ ಕಮ್ಮಿ. ಅದೇ ಹೊಡೆತ ಚೆನ್ನೈನಲ್ಲಿ 200 ಗಜ ಹೋದ್ರೆ ಇಲ್ಲಿ ಆರೇಳು ಗಜ ಜಾಸ್ತಿ ಹೋಗುತ್ತೆ. ಯಂತ್ರದಲ್ಲಿ ಊರಿನ ಎತ್ತರ ತುಂಬದೇ ಇದ್ರೆ ಅದು ಸಮುದ್ರಮಟ್ಟದ ಲೆಕ್ಕವೇ ತೋರಿಸುತ್ತೆ. ಆವಾಗ ಗಿರಾಕಿ ಹೇಳಿದ್ದೇ ನಿಜ ಆಗುತ್ತೆ.

— ಹಂಗಾದ್ರೆ ಆ ಆರೇಳು ಗಜ ಅವನ ನ್ಯಾಯವಾದ ಪಾಲು. ಕೊಟ್ಟುಬಿಡು. ಕೊಟ್ಟಿದೀನಿ ಅಂತ ಗೋಡೆ ಮೇಲೆ ಬರೆದೂ ಹಾಕು. ಅದಕ್ಕಿಂತ ಒಂದು ಗಜ ಜಾಸ್ತಿ ಕೊಡಬೇಡ.

— ಮಾವ, ಟೈಗರ್ ವುಡ್ಸ್ ಕೂಡ ಈಗ ಒಳಾಂಗಣಕ್ಕೇ ಬಂದಿದ್ದಾರೆ ಗೊತ್ತಾ? ರೋರಿ ಮೆಕಿಲ್ರಾಯ್ ಜೊತೆ ಸೇರಿ ಟಿಜಿಎಲ್ ಅಂತ ಲೀಗ್ ಮಾಡಿದ್ದಾರೆ. ಫ್ಲಾರಿಡಾದಲ್ಲಿ 64 ಅಡಿ ಅಗಲದ ಪರದೆ ಮುಂದೆ ಆಡ್ತಾರೆ, 2025ರ ಜನವರಿಯಲ್ಲಿ ಶುರುವಾಯ್ತು. 2024ಕ್ಕೇ ಆಗಬೇಕಿತ್ತು. ಗಾಳಿ ತುಂಬಿ ನಿಲ್ಲಿಸಿದ್ದ ಗುಮ್ಮಟ ಒಂದು ರಾತ್ರಿ ಕರೆಂಟು ಹೋಗಿ ಕುಸೀತು, ಒಂದು ವರ್ಷ ಮುಂದಕ್ಕೆ ಹೋಯ್ತು.

— ಟೈಗರ್ ವುಡ್ಸ್‌ಗೇ ಕರೆಂಟು ಕೈ ಕೊಡುತ್ತೆ ಅಂದ್ಮೇಲೆ ನಮ್ಮ ಬೆಸ್ಕಾಂನ ಬೈದು ಪ್ರಯೋಜನ ಇಲ್ಲ. ಯುಪಿಎಸ್‌ಗೆ ಇನ್ನೊಂದು ಲಕ್ಷ ಸೇರಿಸ್ಕೋ. ಮಳೆ ನಿಂತ ಹಾಗಿದೆ. ಈಗ ಹೇಳು, ಆ ಜಾಗ ಎಲ್ಲಿ?

ಜಾಗ ಜೆ.ಪಿ. ನಗರದಲ್ಲಿತ್ತು. ಬುಧವಾರ ಬೆಳಿಗ್ಗೆ ಮೂವರೂ ಹೋದೆವು. ನೆಲಮಹಡಿ, ಬೀದಿಗೆ ಉದ್ದಕ್ಕೂ ಗಾಜು, ಎರಡು ಅಂಗಡಿ ಆಚೆಗೆ ಒಂದು ಉಪಾಹಾರ ಮಂದಿರ. ದರ್ಶಿನಿಯವರ ಮುಖ ಅರಳಿತು. ಮೊದಲು ಅಲ್ಲೊಂದು ಕೋಚಿಂಗ್ ಕ್ಲಾಸ್ ಇತ್ತಂತೆ, ಫಾಲ್ಸ್ ಸೀಲಿಂಗ್ ಹಾಗೇ ಇತ್ತು. ಅದನ್ನು ಕಿತ್ತರೆ 10 ಅಡಿ 6 ಅಂಗುಲ ಸಿಗುತ್ತದೆ ಎಂದು ಮಾಲೀಕರು ಹೇಳಿದ್ದರು. ದರ್ಶಿನಿಯವರು ಒಂದು ಸ್ಟೂಲು ತರಿಸಿ, ಮೊಣಕಾಲನ್ನೂ ಲೆಕ್ಕಿಸದೆ ಹತ್ತಿ, ಒಂದು ಹಲಗೆಯನ್ನು ಮೇಲಕ್ಕೆ ತಳ್ಳಿ ಮೊಬೈಲಿನ ಬೆಳಕು ಬಿಟ್ಟರು. ಚಾವಣಿ 10 ಅಡಿ 6 ಅಂಗುಲವೇ ಇತ್ತು. ಅದರ ಕೆಳಗೆ, ಮೂರೂ ಮ್ಯಾಟುಗಳು ಬರಬೇಕಾದ ಸಾಲಿನಲ್ಲೇ, ಗೋಡೆಯಿಂದ ಗೋಡೆಗೆ ಒಂದು ಕಾಂಕ್ರೀಟ್ ತೊಲೆ ಹಾದುಹೋಗಿತ್ತು. ಟೇಪಿನ ತುದಿಯನ್ನು ನಾನು ನೆಲಕ್ಕೆ ಒತ್ತಿ ಹಿಡಿದೆ. ತೊಲೆಯಡಿಗೆ 8 ಅಡಿ 9 ಅಂಗುಲ.

— ಟೋಕನ್ ಅಡ್ವಾನ್ಸು ಎಷ್ಟು ಕೊಟ್ಟಿದೀಯ?

— 50 ಸಾವಿರ.